ಪೌರರ ದೂರು ಮತ್ತು ಅದರ ಪರಿಹಾರಮಾರ್ಗ

ಕನ್ನಡದಲ್ಲಿ 'ದೂರು' ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ಕ್ರಿಯಾಪದವಾಗಿ ಅದು ಹಳಿ, ನಿಂದಿಸು ಎಂಬ ಅರ್ಥವನ್ನು ಕೊಡುತ್ತದೆ. ಇಂದಿನ ಬಳಕೆಯಲ್ಲಿ ನಾಮಪದವಾಗಿ ಬಂದಾಗ, ತನಗಾದ ತೊಂದರೆಯನ್ನು ಅಧಿಕಾರವುಳ್ಳವರ ಮುಂದೆ ಅರಿಕೆ ಮಾಡಿಕೊಳ್ಳುವುದೆಂಬ ಅರ್ಥ ಅದಕ್ಕೆ ನೆಲೆಗೊಂಡಿದೆ. ಇದೇ ಅರ್ಥವಲಯದಲ್ಲಿ ಇನ್ನೂ ಕೆಲವು ಶಬ್ದಗಳಿವೆ. 'ಬಿನ್ನಪ'ವು ಸಂಸ್ಕೃತದ 'ವಿಜ್ಞಾಪನ' ಶಬ್ದದ ತದ್ಭವ. ಚೆನ್ನಾಗಿ ತಿಳಿಯಪಡಿಸುವುದು ಎಂದು ಅದರ ಅರ್ಥ. 'ಅಹವಾಲು' ಅರಬ್ಬೀ ಮೂಲದಿಂದ ಬಂದುದು. 'ಹಾಲ್' ಎಂದರೆ ಸ್ಥಿತಿ, ಅದರ ಬಹುವಚನವೇ ಅಹವಾಲು. 'ತಕರಾರು' ಕೂಡ ಅದೇ ಭಾಷೆಯದು. ಹೇಳಿದ್ದನ್ನೇ ಮತ್ತೆ ಹೇಳುವುದು ಅದರ ಮೂಲಾರ್ಥ. ಊರಿನ ಚರಂಡಿ, ದೀಪ, ನೀರುಗಳ ವಿಷಯದಲ್ಲಿ ಪೌರನಾದವನು ಮಾಡಬೇಕಾದ ಕೆಲಸದ ಕ್ರಮವನ್ನು ಈ ಶಬ್ದಗಳೇ ಹೇಳಿಕೊಡುತ್ತವೆ. ಮೊದಲು ತಿಳಿಯಪಡಿಸಬೇಕು; ಅನಂತರ ಸ್ಥಿತಿಗತಿಯನ್ನು ಇದ್ದಂತೆ ವಿವರಿಸಬೇಕು; ಕೇಳುವವರು ಕೇಳದಿದ್ದರೆ ಮತ್ತೆ ಮತ್ತೆ ಹೇಳಬೇಕು. ದುರ್ದೈವವೆಂದರೆ, ಬಹುತೇಕ ಊರುಗಳಲ್ಲಿ ದೂರು ತನ್ನ ಕ್ರಿಯಾಪದದ ಅರ್ಥದಲ್ಲಿಯೇ ಹುಟ್ಟಿ, ಚಹದಂಗಡಿಯ ಕಟ್ಟೆಯ ಮೇಲೆಯೇ ಮುಗಿದುಹೋಗುತ್ತದೆ.

'ಪೌರ' ಎಂಬುದು 'ಪುರ' ಶಬ್ದದಿಂದ ಆದ ತದ್ಧಿತಾಂತ ರೂಪ. ಪುರದಲ್ಲಿ ಇರುವವನು ಪೌರ ಎಂದಷ್ಟೇ ವ್ಯಾಕರಣ ಹೇಳುತ್ತದೆ. ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂದು ಅದು ಕೇಳುವುದಿಲ್ಲ. ಈ ಮಾತನ್ನು ಇಲ್ಲಿ ಎತ್ತಿ ಹೇಳುವುದಕ್ಕೆ ಕಾರಣವುಂಟು. ಅದು ಮುಂದೆ ಬರುತ್ತದೆ.

ಚಿತ್ತವಾಡ್ಗಿ ಇಂದು ಹೊಸಪೇಟೆ ನಗರದ ಒಂದು ಭಾಗ. ಹೊಸಪೇಟೆಯಾದರೋ ಕೃಷ್ಣದೇವರಾಯನು ನಾಗಲಾಪುರವೆಂಬ ಹೆಸರಿನಿಂದ ಕಟ್ಟಿಸಿದ ಪಟ್ಟಣ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ಈ ಸೀಮೆಯ ಕಬ್ಬು ಬಾಳೆಗಳಿಗೆ ನೀರುಣಿಸುತ್ತಿವೆ. ನೀರನ್ನು ಹರಿಸುವುದರಲ್ಲಿ ಇಷ್ಟೊಂದು ಪರಂಪರೆಯುಳ್ಳ ಊರಿನಲ್ಲಿ ಮನೆಯ ನೀರು ಬಂದಿಲ್ಲವೆಂದೂ, ಬಚ್ಚಲ ನೀರು ಹೋಗುತ್ತಿಲ್ಲವೆಂದೂ ಜನ ಕೊರಗುವುದು ವಿಚಿತ್ರವೆನಿಸಬಹುದು. ಆದರೆ ಕಟ್ಟಿದ್ದು ಕೆಡುವುದು ಲೋಕದ ಸ್ವಭಾವ. ಕೆಟ್ಟಾಗ ಯಾರು ಯಾರಿಗೆ ಹೇಳಬೇಕು, ಯಾರು ಸರಿಪಡಿಸಬೇಕು ಎಂಬ ವ್ಯವಸ್ಥೆ ಆಗಲೂ ಇತ್ತು. ಹರಿಹರದ ಬಳಿ ಹರಿದ್ರಾ ನದಿಗೆ 1410ರಲ್ಲಿ ಅಣೆಕಟ್ಟನ್ನು ಕಟ್ಟಿಸಿದ ಸಂಗತಿಯನ್ನೂ, ಅದು ಒಡೆದುಹೋಗಿ 1424ರಲ್ಲಿ ಚಾಮನೃಪಾಲನ ನೆರವಿನಿಂದ ಪುನಃ ಕಟ್ಟಿದ ಸಂಗತಿಯನ್ನೂ ಅಲ್ಲಿಯ ಶಾಸನಗಳು ತಿಳಿಸುತ್ತವೆ. ಕಟ್ಟಿದ್ದನ್ನು ಮಾತ್ರವಲ್ಲದೆ ಅದು ಒಡೆದುದನ್ನೂ ಕಲ್ಲಿನಲ್ಲಿ ಬರೆಯಿಸುವ ಎದೆಗಾರಿಕೆ ಅಂದಿನವರಿಗಿತ್ತು.

ಇನ್ನೊಂದು ನಿದರ್ಶನ ಇನ್ನೂ ಹತ್ತಿರವಾದುದು. ಸದಾಶಿವರಾಯನ ಆಳ್ವಿಕೆಯಲ್ಲಿ ಕೊಂಡೋಜನೆಂಬ ನಾಪಿತನು ಅಳಿಯ ರಾಮರಾಯನ ಮೆಚ್ಚುಗೆಗೆ ಪಾತ್ರನಾಗಿ, ನಾಪಿತರೆಲ್ಲರ ಮೇಲಿದ್ದ ತೆರಿಗೆಯನ್ನು ಬಿಡಿಸಿಕೊಂಡನು. ಇದನ್ನು ಸಾರುವ ಶಾಸನಗಳು ಹಲವು ಊರುಗಳಲ್ಲಿವೆ. ಒಬ್ಬನು ತನ್ನ ಪಾಲಿನದನ್ನಷ್ಟೇ ಕೇಳದೆ ತನ್ನಂಥವರೆಲ್ಲರ ಪರವಾಗಿ ಕೇಳಿದನು. ದೊರೆತುದು ಊರೂರಿನ ಕಲ್ಲಿನ ಮೇಲೆ ಬರೆಹವಾಗಿ ನಿಂತಿತು. ಆದರೆ ಕೊಂಡೋಜನಿಗೆ ದೊರೆತುದು ಪ್ರಭುವಿನ ಅನುಗ್ರಹ. ಇಂದಿನ ಪೌರನಿಗೆ ದೊರೆಯಬೇಕಾದುದು ಅನುಗ್ರಹವಲ್ಲ, ಅಧಿಕಾರದಿಂದ ಬಂದುದು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು.

ಆ ಅಧಿಕಾರ ಬಂದ ದಾರಿ ದೀರ್ಘವಾದುದು. 1882ರಲ್ಲಿ ಲಾರ್ಡ್ ರಿಪ್ಪನ್ನನು ಹೊರಡಿಸಿದ ನಿರ್ಣಯದಿಂದ ಸ್ಥಳೀಯ ಸ್ವಯಮಾಡಳಿತಕ್ಕೆ ಒಂದು ರೂಪ ಬಂದಿತು. ಬಳ್ಳಾರಿ ಸೀಮೆ ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಶಾಸನಗಳೇ ಇಲ್ಲಿಯ ಪಟ್ಟಣಗಳಿಗೂ ಅನ್ವಯಿಸುತ್ತಿದ್ದವು. 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಪೌರಸಭೆಗಳ ಅಧಿನಿಯಮ ರಾಜ್ಯಕ್ಕೆಲ್ಲ ಒಂದಾಗಿ ರಚಿತವಾಯಿತು. ಈ ಅಧಿನಿಯಮವು ಪೌರಸಭೆಯ ಕೆಲಸಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆ: ಮಾಡಲೇಬೇಕಾದವು, ಮಾಡಬಹುದಾದವು. ಬೀದಿ ಗುಡಿಸುವುದು, ಚರಂಡಿ ಸ್ವಚ್ಛಮಾಡುವುದು, ಬೀದಿದೀಪ ಬೆಳಗಿಸುವುದು ಇವೆಲ್ಲ ಮೊದಲನೆಯ ಬಗೆಗೆ ಸೇರಿದವು. ಉದ್ಯಾನ, ವಾಚನಾಲಯ ಮುಂತಾದವು ಎರಡನೆಯ ಬಗೆಯವು. ಆದುದರಿಂದ ಉದ್ಯಾನ ಬೇಕೆಂದು ಬರೆಯುವ ಪತ್ರ ಕೋರಿಕೆ. ಗಟಾರ ಕಟ್ಟಿದೆಯೆಂದು ಬರೆಯುವ ಪತ್ರ ಕರ್ತವ್ಯದ ನೆನಪು. ಎರಡರ ಭಾಷೆಯೂ ಬೇರೆಯಾಗಿರಬೇಕು. ಗಟಾರದ ಪತ್ರದಲ್ಲಿ 'ದಯಮಾಡಿ ಕೃಪೆ ತೋರಿ' ಎಂದು ನಾಲ್ಕು ಸಾಲು ಸವೆಸುವುದು ವಿನಯವಲ್ಲ, ವಿಷಯವನ್ನು ತಿಳಿಯದಿರುವುದು. ಹಾಗೆಂದು ಒರಟಾಗಿ ಬರೆಯಬೇಕೆಂದೂ ಅಲ್ಲ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು, ನಗರಾಡಳಿತ ಸಂಸ್ಥೆಗಳಿಗೆ ಸಂವಿಧಾನದ ಆಸರೆ ದೊರೆಯಿತು. ಮೂರು ಲಕ್ಷ ಅಥವಾ ಅದಕ್ಕೂ ಮೀರಿ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಅದು ವಿಧಿಸಿತು. 2011ರ ಜನಗಣತಿಯಲ್ಲಿ ಹೊಸಪೇಟೆಯ ಜನಸಂಖ್ಯೆ ಎರಡು ಲಕ್ಷವನ್ನು ದಾಟಿತ್ತೇ ಹೊರತು ಮೂರನ್ನು ಮುಟ್ಟಿರಲಿಲ್ಲ. ಹೊಸಪೇಟೆ ನಗರಸಭೆಗೆ 2021ರ ಡಿಸೆಂಬರಿನಲ್ಲಿ ಚುನಾವಣೆ ನಡೆದಾಗ ವಾರ್ಡುಗಳ ಸಂಖ್ಯೆ 35. ಜನ ಮೊದಲು ಹುಡುಕಿಕೊಂಡು ಹೋಗುವುದು ತಮ್ಮ ವಾರ್ಡಿನ ಸದಸ್ಯರ ಮನೆಯನ್ನೇ. ಇದರಲ್ಲಿ ತಪ್ಪೇನೂ ಇಲ್ಲ. ಸದಸ್ಯರು ಸಭೆಯಲ್ಲಿ ಪ್ರಶ್ನೆ ಎತ್ತಬಲ್ಲರು, ಆಯವ್ಯಯದಲ್ಲಿ ಹಣ ಇಡಿಸಬಲ್ಲರು. ಆದರೆ ಕೆಲಸ ಮಾಡಿಸುವ ಆಡಳಿತಾಧಿಕಾರ ಪೌರಾಯುಕ್ತರದು. ಬಾಯಿಮಾತಿನಲ್ಲಿ ಸದಸ್ಯರಿಗೆ ಹೇಳಿದ್ದು ಕಡತಕ್ಕೆ ಸೇರುವುದಿಲ್ಲ. ಕಡತಕ್ಕೆ ಸೇರದುದಕ್ಕೆ ಕಚೇರಿಯಲ್ಲಿ ನೆನಪಿಲ್ಲ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಚಿತ್ತವಾಡ್ಗಿಯ ಒಂದು ಓಣಿ. ಚರಂಡಿಯಲ್ಲಿ ಹೂಳು ತುಂಬಿ ನೀರು ಮೇಲೆ ಹರಿಯುತ್ತಿದೆ. ಓಣಿಯವರು ಸೇರಿ ಅರ್ಜಿ ಬರೆಯುತ್ತಾರೆ. ಮೊದಲ ಅರ್ಜಿಯಲ್ಲಿ ಹೀಗಿರುತ್ತದೆ: ಈ ಭಾಗವನ್ನು ಅನೇಕ ವರ್ಷಗಳಿಂದ ಕಡೆಗಣಿಸಲಾಗಿದೆ, ಯಾರಿಗೂ ಬಡವರ ಮೇಲೆ ಕಾಳಜಿಯಿಲ್ಲ, ಚುನಾವಣೆ ಬಂದಾಗ ಮಾತ್ರ ಎಲ್ಲರೂ ಬರುತ್ತಾರೆ, ಇನ್ನಾದರೂ ಅಭಿವೃದ್ಧಿ ಮಾಡಬೇಕು. ಇದರಲ್ಲಿ ಒಂದು ಮಾತೂ ಸುಳ್ಳಲ್ಲದಿರಬಹುದು. ಆದರೂ ಈ ಅರ್ಜಿಯನ್ನು ಓದಿದ ಗುಮಾಸ್ತನು ಅದನ್ನು ಯಾವ ಶಾಖೆಗೆ ಕಳುಹಿಸಬೇಕು? ಆರೋಗ್ಯ ಶಾಖೆಗೋ, ಅಭಿಯಂತರರ ಶಾಖೆಗೋ? ಎಲ್ಲಿಗೂ ಸಲ್ಲದ ಪತ್ರ ಕೊನೆಗೆ ಮೇಜಿನ ಒಂದು ಮೂಲೆಗೆ ಸಲ್ಲುತ್ತದೆ.

ಎರಡನೆಯ ಅರ್ಜಿ ಅದೇ ಓಣಿಯಿಂದಲೇ ಬರೆದುದು. ವಾರ್ಡಿನ ಸಂಖ್ಯೆ, ಓಣಿಯ ಹೆಸರು, ಗುಡಿಯಿಂದ ಆರಂಭಿಸಿ ಎಷ್ಟನೆಯ ವಿದ್ಯುತ್ ಕಂಬದವರೆಗೆ ಚರಂಡಿ ಕಟ್ಟಿದೆ, ಸುಮಾರು ಎಷ್ಟು ಮಾರು ಉದ್ದ, ಯಾವ ದಿನದಿಂದ ನೀರು ನಿಂತಿದೆ, ಎಷ್ಟು ಮನೆಗಳಿಗೆ ತೊಂದರೆಯಾಗಿದೆ, ನಳದ ಪೈಪು ಆ ನೀರಿನಲ್ಲಿಯೇ ಹಾದುಹೋಗಿದೆಯೇ, ಇದಕ್ಕೆ ಮುನ್ನ ಯಾವ ದಿನ ಯಾರಿಗೆ ಹೇಳಲಾಗಿತ್ತು ಎಂಬುದೆಲ್ಲ ಅದರಲ್ಲಿದೆ. ಬೇಕಾದುದೇನೆಂಬುದೂ ಇದೆ: ಹೂಳು ತೆಗೆಯಿಸಬೇಕು, ತೆಗೆದ ಹೂಳನ್ನು ಸಾಗಿಸಬೇಕು, ಮುರಿದ ಕಲ್ಲುಚಪ್ಪಡಿಯನ್ನು ಬದಲಿಸಬೇಕು. ಕೆಳಗೆ ಹತ್ತು ಹನ್ನೆರಡು ಮನೆಗಳವರ ಸಹಿ. ಇದರಲ್ಲಿ ಯಾರನ್ನೂ ಹಳಿದಿಲ್ಲ. ಆದರೆ ಇದನ್ನು ಓದಿದ ಆರೋಗ್ಯ ನಿರೀಕ್ಷಕನಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಹೋಗದಿದ್ದರೆ, ಹೋಗಲಿಲ್ಲವೇಕೆಂದು ಕೇಳುವ ಮೇಲಧಿಕಾರಿಗೆ ಏನು ಕೇಳಬೇಕೆಂದೂ ಗೊತ್ತಾಗುತ್ತದೆ. ಪ್ರಬಂಧ ಬರೆಯುವಾಗ ಮೊದಲ ಅರ್ಜಿಯ ಶೈಲಿಗೆ ಹೆಚ್ಚು ಅಂಕ ಬರುವುದುಂಟು. ಅದು ಪಾಠಶಾಲೆಗಳು ವಿಚಾರಮಾಡಬೇಕಾದ ಸಂಗತಿ.

ಅರ್ಜಿಯನ್ನು ಎರಡು ಪ್ರತಿ ಮಾಡಿ, ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆಯನ್ನು ಹಾಕಿಸಿಕೊಳ್ಳಬೇಕು. ಈ ಒಂದು ಸಂಖ್ಯೆಯಿಲ್ಲದೆ ಮುಂದಿನ ಯಾವ ಮೆಟ್ಟಿಲನ್ನೂ ಹತ್ತಲಾಗದು. ಕಚೇರಿ ಕೊಡುವ ಉತ್ತರಕ್ಕೆ ಕನ್ನಡದಲ್ಲಿ 'ಹಿಂಬರಹ'ವೆಂಬ ಅಂದವಾದ ಹೆಸರಿದೆ. ಪತ್ರದ ಬೆನ್ನಿನ ಮೇಲೆ ಬರೆದು ಹಿಂದಿರುಗಿಸುವುದು ಎಂಬುದು ಆ ಮಾತಿನ ಭಾವ. ಕೆಲಸವಾಗದಿದ್ದರೆ ಏಕೆ ಆಗದೆಂಬುದನ್ನು ಹಿಂಬರಹದಲ್ಲಿ ಕೊಡಿರೆಂದು ಕೇಳುವುದು ಪೌರನಿಗೆ ಸಲ್ಲುವ ಮಾತು. 'ಆಗುವುದಿಲ್ಲ' ಎಂದು ಬಾಯಿಯಲ್ಲಿ ಹೇಳುವುದು ಸುಲಭ; ಅದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕುವುದು ಅಷ್ಟು ಸುಲಭವಲ್ಲ.

ಬಹಳ ದೂರುಗಳು ಕೆಡುವುದು ತಪ್ಪು ಬಾಗಿಲನ್ನು ತಟ್ಟುವುದರಿಂದ. ಬೀದಿದೀಪದ ಬಲ್ಬು ನಗರಸಭೆಯ ಹೊಣೆ. ಆದರೆ ತಂತಿ ಹರಿದು ಬಿದ್ದರೆ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಜೆಸ್ಕಾಂಗೆ ಹೇಳಬೇಕು. 1912 ಅದರ ದೂರವಾಣಿ ಸಂಖ್ಯೆ. ಓಣಿಯ ರಸ್ತೆ ನಗರಸಭೆಯದು. ಊರನ್ನು ಹಾಯ್ದುಹೋಗುವ ಹೆದ್ದಾರಿ ಅದರದಲ್ಲ. ಮನೆಯ ಮುಂದಿನ ಗಟಾರ ನಗರಸಭೆಗೆ ಸೇರಿದ್ದು, ಅದು ಹೋಗಿ ಬೀಳುವ ಕಾಲುವೆ ನೀರಾವರಿಯವರಿಗೆ ಸೇರಿದ್ದು. ಹೊಸ ಒಳಚರಂಡಿಯ ಕಾಮಗಾರಿಯನ್ನು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ನಡೆಸುತ್ತಿದ್ದು, ಅಗೆದ ರಸ್ತೆಯನ್ನು ಮುಚ್ಚದಿದ್ದರೆ ಎರಡೂ ಕಚೇರಿಗಳಿಗೆ ಪತ್ರ ಹೋಗಬೇಕು. ಇಲ್ಲದಿದ್ದರೆ ಇವರು ಅವರನ್ನೂ ಅವರು ಇವರನ್ನೂ ತೋರಿಸುತ್ತ ಮಳೆಗಾಲ ಬಂದುಬಿಡುತ್ತದೆ. ಹನ್ನೆರಡು ಕಿಲೋಮೀಟರು ಆಚೆಯ ಹಂಪಿಯಲ್ಲಿ ಇದೇ ದೂರು ಗ್ರಾಮ ಪಂಚಾಯಿತಿಗೆ ಹೋಗಬೇಕು. ಜಾಗವು ಸ್ಮಾರಕದ ಬಳಿಯಲ್ಲಿದ್ದರೆ ಪುರಾತತ್ತ್ವ ಇಲಾಖೆಯೂ ಬರುತ್ತದೆ. ಇಷ್ಟೆಲ್ಲ ಸೂಕ್ಷ್ಮವನ್ನು ತಿಳಿಯುವುದು ಸಾಮಾನ್ಯರ ಹೊಣೆಯಾಗಬಾರದೆಂಬ ವಾದ ನ್ಯಾಯವಾದುದೇ. ಪೌರನು ಒಂದು ಬಾಗಿಲಿಗೆ ಬಂದರೆ ಒಳಗಿರುವವರು ಸರಿಯಾದ ಕೋಣೆಗೆ ಕಳುಹಿಸಬೇಕು. ಈ ಉದ್ದೇಶದಿಂದಲೇ 2021ರ ನವೆಂಬರಿನಲ್ಲಿ ರಾಜ್ಯ ಸರ್ಕಾರವು 'ಜನಸ್ಪಂದನ' ಎಂಬ ಒಗ್ಗೂಡಿದ ವ್ಯವಸ್ಥೆಯನ್ನು 1902 ಎಂಬ ದೂರವಾಣಿ ಸಂಖ್ಯೆಯೊಡನೆ ಆರಂಭಿಸಿತು. ಯಾವ ಇಲಾಖೆಯ ದೂರನ್ನಾದರೂ ಅಲ್ಲಿ ಹೇಳಬಹುದು. ಅಲ್ಲಿಯೂ ದೂರಿಗೊಂದು ಸಂಖ್ಯೆ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಬೇಕು.

ನೀರಿನ ದೂರನ್ನು ಉಳಿದವುಗಳ ಸಾಲಿನಲ್ಲಿ ಎಣಿಸಬಾರದು. ದೀಪ ಒಂದು ವಾರ ತಡವಾದರೆ ಕತ್ತಲೆಯಲ್ಲಿ ನಡೆಯಬಹುದು. ನಳದಲ್ಲಿ ಬಣ್ಣಗೆಟ್ಟ ನೀರು ಬಂದರೆ ಒಂದು ದಿನದ ತಡವೂ ಪ್ರಾಣಕ್ಕೆ ಕುತ್ತು. ಇದೇ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ 2021ರಲ್ಲಿ ಕಲುಷಿತ ನೀರನ್ನು ಕುಡಿದು ಆರು ಮಂದಿ ಮೃತರಾದರು. ಬಹಳ ಜನ ಹಾಸಿಗೆ ಹಿಡಿದರು. ಜಿಲ್ಲೆ ಹುಟ್ಟಿದ ವರ್ಷವೇ ಅದು. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡವಿರುವುದಿಲ್ಲ. ಆಗ ಸೀಳಿದ ಪೈಪು ಚರಂಡಿಯ ನೀರಿನಲ್ಲಿ ಮುಳುಗಿದ್ದರೆ, ಹೊರಗಿನ ಕೊಳೆ ಒಳಕ್ಕೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬರುವುದು ಅದೇ. ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಊರುಗಳಲ್ಲಿ ಈ ಅಪಾಯ ಸದಾ ಇರುತ್ತದೆ. ಆದುದರಿಂದ ಗಟಾರದಲ್ಲಿ ಹಾಯ್ದುಹೋಗಿರುವ ನಳದ ಪೈಪನ್ನು ಕಂಡವರು, ನೀರು ಇನ್ನೂ ಸ್ವಚ್ಛವಾಗಿಯೇ ಬರುತ್ತಿದ್ದರೂ, ಅಂದೇ ತಿಳಿಸತಕ್ಕದ್ದು. ನೀರು ಕೆಟ್ಟಿದೆಯೆಂಬ ಶಂಕೆ ಬಂದರೆ ನಗರಸಭೆಯೊಡನೆ ಆರೋಗ್ಯ ಕೇಂದ್ರಕ್ಕೂ ಹೇಳಿ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವಂತೆ ಒತ್ತಾಯಿಸಬೇಕು. ಫಲಿತಾಂಶ ಬರುವವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು.

ದೂರು ಯಾರ ಮೇಲೆ ಹೋಗಿ ಬೀಳುತ್ತದೆಂಬುದನ್ನೂ ಯೋಚಿಸಬೇಕು. ಮೇಲಿನಿಂದ ಇಳಿಯುತ್ತ ಇಳಿಯುತ್ತ ಅದು ಕೊನೆಗೆ ಪೌರಕಾರ್ಮಿಕನ ತಲೆಯ ಮೇಲೆ ನಿಲ್ಲುತ್ತದೆ. ಸತ್ಯಕ್ಕನೆಂಬ ಶರಣೆ ಅಂಗಳ ಗುಡಿಸುವ ಕಾಯಕವನ್ನು ಮಾಡುತ್ತಿದ್ದಳೆಂದು ಪರಂಪರೆ ಹೇಳುತ್ತದೆ. ಆಕೆಯ ವಚನಗಳನ್ನು ಪೂಜ್ಯಭಾವದಿಂದ ಓದುವ ಮನೆಯವರೇ ಬೆಳಗ್ಗೆ ಬೀದಿ ಗುಡಿಸಲು ಬಂದ ಹೆಣ್ಣುಮಗಳನ್ನು ಏಕವಚನದಲ್ಲಿ ಗದರಿಸುವುದನ್ನು ಕಾಣಬಹುದು. ಓಣಿಗೆ ಇಬ್ಬರು ಬೇಕಾದಲ್ಲಿ ಒಬ್ಬಳೇ ಇದ್ದರೆ ಅದು ಆಕೆಯ ತಪ್ಪಲ್ಲ. ದೂರಬೇಕಾದುದು ಕೆಲಸದ ಹಂಚಿಕೆಯನ್ನು, ಕೆಲಸಗಾರಳನ್ನಲ್ಲ. ಇದಕ್ಕಿಂತ ಗುರುತರವಾದ ಮಾತೊಂದಿದೆ. ಒಳಚರಂಡಿಯ ಗುಂಡಿ ಕಟ್ಟಿದಾಗ 'ಯಾರನ್ನಾದರೂ ಇಳಿಸಿ ತೆಗೆಯಿಸಿ' ಎಂದು ನಿವಾಸಿಗಳೇ ಒತ್ತಾಯಿಸುವುದುಂಟು. ಅದು ನಿಷಿದ್ಧ. ಮಲ ಹೊರುವ ವೃತ್ತಿಯನ್ನು ನಿಷೇಧಿಸಿದ 2013ರ ಕಾಯಿದೆಯು, ರಕ್ಷಣೆಯಿಲ್ಲದೆ ಚರಂಡಿಗುಂಡಿಗೂ ಶೌಚದ ಗುಂಡಿಗೂ ಮನುಷ್ಯರನ್ನು ಇಳಿಸುವುದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದೆ. ಒಳಗಿನ ವಿಷಾನಿಲ ಕಣ್ಣಿಗೆ ಕಾಣುವುದಿಲ್ಲ. ಇಂಥ ಅರ್ಜಿಯಲ್ಲಿ ಯಂತ್ರವನ್ನು ಕಳುಹಿಸಿರೆಂದೇ ಬರೆಯಬೇಕು. ಯಂತ್ರ ನಾಳೆ ಬರುವುದಾದರೆ ನಾಳೆಯವರೆಗೆ ಕಾಯಬೇಕು.

ಅರ್ಜಿ ಕೊಟ್ಟೂ ಫಲವಾಗದಿದ್ದಾಗಿನ ಮಾರ್ಗಗಳು ಹಲವಿವೆ. ಪ್ರತಿಯೊಂದಕ್ಕೂ ತನ್ನ ಕ್ಷೇತ್ರವಿದೆ. ಜನನ ಮರಣ ಪತ್ರ, ಖಾತೆ, ಕಟ್ಟಡದ ಪರವಾನಗಿ ಮೊದಲಾದ ಸೇವೆಗಳಿಗೆ 'ಸಕಾಲ' ಎಂದು ಹೆಸರಾದ 2011ರ ಅಧಿನಿಯಮವಿದೆ. ಗೊತ್ತಾದ ದಿನಗಳೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಹಕ್ಕನ್ನು ಅದು ಕೊಡುತ್ತದೆ. ಮೊತ್ತ ಅಲ್ಪ, ಆದರೆ ತಡಮಾಡಿದ ಅಧಿಕಾರಿಯ ಹೆಸರಿಗೆ ಅಂಟುವುದು ಅಲ್ಪವಲ್ಲ. ಅರ್ಜಿಯ ಗತಿ ಏನಾಯಿತೆಂದು ತಿಳಿಯಲು 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಹತ್ತು ರೂಪಾಯಿ ಶುಲ್ಕ ಕೊಟ್ಟು, ತನ್ನ ಅರ್ಜಿಯ ಮೇಲೆ ಯಾವ ದಿನ ಯಾವ ಅಧಿಕಾರಿ ಯಾವ ಟಿಪ್ಪಣಿ ಬರೆದರೆಂಬುದರ ಪ್ರತಿಯನ್ನು ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರಿಸತಕ್ಕದ್ದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ನಿಯಮವನ್ನು ಟೀಕಿಸಿದವರುಂಟು. ಭಾಷಾಭ್ಯಾಸದ ದೃಷ್ಟಿಯಿಂದ ಮಾತ್ರ, ಸಂಕ್ಷೇಪಲೇಖನಕ್ಕೆ ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಮತ್ತೊಂದಿಲ್ಲ. ಪ್ರೌಢಶಾಲೆಯ ಮಕ್ಕಳಿಂದ ಮಾಡಿಸಬಹುದಾದುದು.

1984ರ ಲೋಕಾಯುಕ್ತ ಅಧಿನಿಯಮವು 'ಆಪಾದನೆ'ಯನ್ನೂ 'ಕುಂದುಕೊರತೆ'ಯನ್ನೂ ಬೇರೆ ಬೇರೆಯಾಗಿ ಎಣಿಸಿರುವುದು ಗಮನಾರ್ಹ. ಅಧಿಕಾರಿ ಲಂಚ ಕೇಳಿದನೆನ್ನುವುದು ಆಪಾದನೆ. ಆಡಳಿತದ ಲೋಪದಿಂದ ತನಗೆ ಅನ್ಯಾಯವಾಯಿತೆನ್ನುವುದು ಕುಂದುಕೊರತೆ. ಆಪಾದನೆಗೆ ಐದು ವರ್ಷಗಳ ಅವಧಿಯಿದೆ; ಕುಂದುಕೊರತೆಗಾದರೋ ವಿಷಯ ತಿಳಿದ ಆರು ತಿಂಗಳೊಳಗೆ ದೂರು ಸಲ್ಲಬೇಕು. 'ದೂರು' ಶಬ್ದದ ಎರಡು ಮುಖಗಳೇ ಇಲ್ಲಿ ಕಾನೂನಿನ ಎರಡು ಕಲಮುಗಳಾಗಿವೆ. ಕುಂದುಕೊರತೆ ಮಾತ್ರ ಇದ್ದಲ್ಲಿ ಸಾಕ್ಷ್ಯವಿಲ್ಲದ ಆಪಾದನೆಯನ್ನೂ ಬೆರೆಸಿ ಬರೆದರೆ, ಅಧಿಕಾರಿ ಆಪಾದನೆಯನ್ನು ನಿರಾಕರಿಸುವುದರಲ್ಲಿಯೇ ತೊಡಗುತ್ತಾನೆ. ಚರಂಡಿ ಕಟ್ಟಿಯೇ ಇರುತ್ತದೆ.

ನ್ಯಾಯಾಲಯದ ಮಾರ್ಗವೂ ಇದೆ. ಮಧ್ಯಪ್ರದೇಶದ ರತ್ಲಾಂ ಪಟ್ಟಣದಲ್ಲಿ ಒಂದು ರಸ್ತೆಯ ನಿವಾಸಿಗಳು ಬಾಯ್ದೆರೆದ ಚರಂಡಿ, ಶೌಚಾಲಯವಿಲ್ಲದೆ ಬಯಲನ್ನೇ ಬಳಸುವವರಿಂದಾದ ಹೊಲಸು, ಮದ್ಯಸಾರದ ಕಾರ್ಖಾನೆಯ ಕೊಳಚೆ, ಸೊಳ್ಳೆ ಇವುಗಳಿಂದ ಬೇಸತ್ತು ಮ್ಯಾಜಿಸ್ಟ್ರೇಟರ ಮೊರೆ ಹೊಕ್ಕರು. ಸಾರ್ವಜನಿಕ ಉಪದ್ರವವನ್ನು ತೆಗೆಯಿಸುವ ಅಧಿಕಾರ ದಂಡಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣದಲ್ಲಿತ್ತು. ಮ್ಯಾಜಿಸ್ಟ್ರೇಟರು ಪುರಸಭೆಗೆ ಆಜ್ಞೆಯಿತ್ತರು. ಪುರಸಭೆಯ ವಾದ ಎರಡು: ಹಣವಿಲ್ಲ, ಅಲ್ಲಿ ಮನೆ ಮಾಡಿದವರು ಆ ಜಾಗದ ಸ್ಥಿತಿಯನ್ನು ತಿಳಿದೇ ಬಂದವರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1980ರ ಜುಲೈ 29ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಎರಡೂ ವಾದಗಳನ್ನು ತಳ್ಳಿಹಾಕಿತು. ಶಾಸನ ವಿಧಿಸಿದ ಕರ್ತವ್ಯಕ್ಕೆ ಹಣದ ಅಭಾವ ನೆವವಾಗದೆಂದೂ, ಗೊತ್ತಾದ ಕಾಲದೊಳಗೆ ಚರಂಡಿ ಶೌಚಾಲಯಗಳನ್ನು ಕಟ್ಟಿಸಬೇಕೆಂದೂ ಅದು ಆಜ್ಞಾಪಿಸಿತು. ಆ 133ನೆಯ ಪ್ರಕರಣದ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದಲ್ಲಿ ಮುಂದುವರಿದಿದೆ. ರತ್ಲಾಮಿನ ಜನ ಎಪ್ಪತ್ತರ ದಶಕದ ಆರಂಭದಿಂದ ಅಲೆದಿದ್ದರೆಂಬುದನ್ನು ಮರೆಯಬಾರದು. ಗೆಲುವು ದೊಡ್ಡದು, ಕಾಲವೂ ದೊಡ್ಡದು. ಹೂಳು ತೆಗೆಯುವುದಕ್ಕೆ ಇದು ಮೊದಲ ಮಾರ್ಗವಾಗಬಾರದು. ಕೊನೆಯ ಮಾರ್ಗವೊಂದು ಉಂಟೆಂದು ಎರಡು ಕಡೆಯವರಿಗೂ ಗೊತ್ತಿದ್ದರೆ ಸಾಕು.

ಇಷ್ಟಾದರೂ ದೂರನ್ನೇ ಕೊಡದವರಿದ್ದಾರೆ. ಕಚೇರಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಅಕ್ಷರ ಬಾರದವರಿಗೆ ಅರ್ಜಿ ಬರೆಯಿಸಲು ಇನ್ನೊಬ್ಬರ ಹಂಗು. ಮನೆಗೆ ಖಾತೆಯಿಲ್ಲದವರು, ಬಾಡಿಗೆಯವರು, ಚರಂಡಿಯ ಮಾತೆತ್ತಿದರೆ ಮನೆಯ ಮಾತು ಏಳಬಹುದೆಂಬ ಭಯದಿಂದ ಬಾಯಿ ಕಟ್ಟಿಕೊಂಡಿರುತ್ತಾರೆ. ಪೌರ ಶಬ್ದದ ವ್ಯುತ್ಪತ್ತಿಯನ್ನು ಮೇಲೆ ಹೇಳಿದುದು ಇದಕ್ಕಾಗಿಯೇ. ಬೀದಿಯ ಗಟಾರ ತುಂಬಿದೆಯೆಂದು ಹೇಳಲು ಖಾತೆಯ ಉತಾರ ಬೇಕಿಲ್ಲ. ಸೊಳ್ಳೆಯೂ ಉತಾರ ನೋಡಿ ಕಚ್ಚುವುದಿಲ್ಲ. ಎಲ್ಲಿ ದೂರುಗಳು ಕಡಮೆಯೋ ಅಲ್ಲಿ ಸೌಕರ್ಯ ಹೆಚ್ಚೆಂದು ನಗರಸಭೆಯವರು ತಿಳಿಯುವಂತಿಲ್ಲ. ಇಂಥ ಕೇರಿಗಳಲ್ಲಿ ಮಠದ ಶಾಲೆಗಳ ಮೇಲಿನ ತರಗತಿಯ ಮಕ್ಕಳು ವಾರಕ್ಕೊಂದು ಸಂಜೆ ಕುಳಿತು, ಹಿರಿಯರು ಹೇಳಿದಂತೆ ಅರ್ಜಿ ಬರೆದುಕೊಟ್ಟು, ಅದನ್ನು ಮತ್ತೆ ಅವರಿಗೇ ಓದಿಹೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಬಹುದು. ಅಕ್ಷರದಾಸೋಹವೆಂಬ ಮಾತಿಗೆ ಇದೂ ಒಂದು ಅರ್ಥ. ಮಕ್ಕಳು ತಮ್ಮ ಮಾತನ್ನು ಸೇರಿಸದೆ, ಹೇಳಿದವರ ಮಾತನ್ನೇ ನೇರ್ಪಡಿಸಿ ಬರೆಯಬೇಕು. ಅಜ್ಜಿಯೊಬ್ಬಳು 'ರಾತ್ರಿ ಎದ್ದರೆ ಕಾಲು ಗಟಾರದಾಗ ಬೀಳ್ತೈತಿ' ಎಂದರೆ, ದೀಪವಿಲ್ಲವೆಂಬುದೂ ಚಪ್ಪಡಿಯಿಲ್ಲವೆಂಬುದೂ ಅದರಲ್ಲಿ ಎರಡು ದೂರುಗಳಾಗಿವೆ. ಬರೆಯುವವರಿಗೆ ಅದು ತಿಳಿಯಬೇಕು.

ದೂರು ಮುಗಿಯಿತೆಂದು ಯಾವಾಗ ಎಣಿಸಬೇಕೆಂಬುದೊಂದು ಉಳಿದಿದೆ. ಕಚೇರಿಯ ಗಣಕಯಂತ್ರದಲ್ಲಿ 'ಪರಿಹರಿಸಲಾಗಿದೆ' ಎಂದು ತೋರಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಚರಂಡಿಯ ಕೆಲಸಗಾರರು ಬಂದು ಹೂಳನ್ನು ತೆಗೆದು ದಂಡೆಯ ಮೇಲೆ ರಾಶಿ ಹಾಕಿ ಹೋಗುತ್ತಾರೆ. ಒಣಗಿದ ಮೇಲೆ ಸಾಗಿಸುವುದು ರೂಢಿ. ಹಸಿಯಾಗಿದ್ದರೆ ಗಾಡಿಯಲ್ಲಿ ನಿಲ್ಲುವುದಿಲ್ಲ. ಆದರೆ ತೆಗೆಯುವವರು ಒಂದು ತಂಡ, ಸಾಗಿಸುವ ಗಾಡಿ ಇನ್ನೊಂದು ತಂಡ. ಗಾಡಿ ಬರುವುದರೊಳಗೆ ಒಂದು ಮಳೆ ಬಂದರೆ ರಾಶಿಯೆಲ್ಲ ಕರಗಿ ಮತ್ತೆ ಚರಂಡಿಗೇ ಇಳಿಯುತ್ತದೆ. ಆದಕಾರಣ ಓಣಿಯವರಲ್ಲಿ ಇಬ್ಬರು ಸ್ಥಳವನ್ನು ನೋಡಿ, ನೀರು ಕೊನೆಯ ಕಂಬದವರೆಗೆ ಹರಿಯುತ್ತಿದೆಯೇ, ಹೂಳು ಹೋಯಿತೇ, ಚಪ್ಪಡಿ ಬಿತ್ತೇ ಎಂದು ಕಂಡು, ಆವಕ ಸಂಖ್ಯೆಯನ್ನು ಕಾಣಿಸಿ ಒಂದು ಪತ್ರ ಬರೆಯಬೇಕು. ಕೆಲಸ ಚೆನ್ನಾಗಿ ಆಗಿದ್ದರೆ ಹಾಗೆಂದು ಬರೆದು, ಮಾಡಿದ ಕಾರ್ಮಿಕರ ಹೆಸರನ್ನೂ ಕಾಣಿಸಬೇಕು. ಹೂಳು ದಂಡೆಯ ಮೇಲೆಯೇ ಉಳಿದಿದ್ದರೆ ಗಾಡಿಯನ್ನು ಕಳುಹಿಸಿರೆಂದು ಅದೇ ಸಂಖ್ಯೆಯ ಮೇಲೆ ಮತ್ತೊಮ್ಮೆ ಬರೆಯತಕ್ಕದ್ದು.